ದಿನಕ್ಕೆ ನಾಲ್ಕು ಸಲ ಸಾಯುವ ಕೆಲಸ

ಕಂಪ್ಯೂಟರಿನೊಳಗೆ ಒಂದು ಎದೆ ಕಟ್ಟಿ, ಅದರ ಹೃದಯದ ತಾಳ ಕೆಡಿಸಿ, ಶಾಕ್ ಕೊಟ್ಟು ಸರಿಮಾಡೋದು ಜಪಾನಿನ ನಗೋಯಾದಲ್ಲಿ ನನ್ನ ಕೆಲಸ. ಇಂಥ ಕೆಲಸ ಹಿಡಿದವನಿಗೆ ಇಂಥವು ಆಗದೆ ಇನ್ನೇನಾಗುತ್ತೆ ಹೇಳಿ!

ಎದೆ ಯಾರದು

ಕೊರೊನಾ ಬಂದುಹೋದ ಮೇಲೆ ನನ್ನ ಹೃದಯವೇ ತಾಳ ತಪ್ಪತೊಡಗಿತು. "ಬಿದ್ದರೆ ಕೂಡಲೇ ಶಾಕ್ ಸಿಗಬೇಕು. ಮನೆಯಲ್ಲಿ ಯಾರಿದ್ದಾರೆ?" ಅಂದರು ಡಾಕ್ಟರು. ಯಾರಿದ್ದಾರೆ ಮಣ್ಣು! ಹೆಂಡತಿ ಮೈಸೂರಿಗೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು, ಜಪಾನಿನ ಗಡಿ ಮುಚ್ಚಿತ್ತು. ಹೆದರಿಕೆ ತಡೆಯಲಾರದೆ ನನ್ನ ಎದೆಯ ಸ್ಕ್ಯಾನನ್ನೇ ಕಂಪ್ಯೂಟರಿನ ಮಾಡೆಲ್ಲಿಗೆ ಹಾಕಿದೆ. ಶಾಕ್ ಕೊಟ್ಟರೆ ಏಳ್ತೀನೋ ಇಲ್ಲವೋ, ನೋಡೇಬಿಡೋಣ ಅಂತ.

ಪಕ್ಕದ ಮೇಜಿನ ತನಾಕಾ ಸಾನ್ ತೆರೆಯ ಮೇಲೆ ಎದೆಯ ಕೆಳಗೆ ಮೂಡಿದ್ದ ನನ್ನ ಬೊಜ್ಜನ್ನು ಬಹಳ ಹೊತ್ತು ನೋಡಿ, ತಲೆಬಾಗಿ, "ಬಹಳ ಉದಾರವಾದ ಹೊಟ್ಟೆ" ಅಂದರು.

ಒಪ್ಪಿಗೆ ಪತ್ರ

ಜಪಾನಿನಲ್ಲಿ ಸಹಿಯ ಬದಲು ಮೊಹರು; ಎದೆಯ ಸ್ಕ್ಯಾನ್ ಕೊಟ್ಟವನೂ ಒತ್ತಬೇಕು, ಸಂಶೋಧಕನೂ ಒತ್ತಬೇಕು. ಊರೆಲ್ಲ ಮನೆಯಿಂದ ಕೆಲಸ ಮಾಡುತ್ತಿದ್ದರೂ ಮೊಹರು ಮಾತ್ರ ಆಫೀಸಿನಲ್ಲೇ. ಖಾಲಿ ಸಬ್‌ವೇಯಲ್ಲಿ ಹೋಗಿ ಎರಡೂ ಕಡೆ ಒತ್ತಿದೆ.

ಪ್ಲಾಸ್ಟಿಕ್ ಪರದೆಯ ಹಿಂದಿದ್ದ ಗುಮಾಸ್ತೆ, "ಸುಮಿಮಾಸೆನ್, ಕ್ಷಮಿಸಿ, ಅವರಿಗೆ ಅಪಾಯಗಳನ್ನೆಲ್ಲ ವಿವರಿಸಿದಿರಾ?" ಅಂದಳು.

"ಅವರು ಅಂದರೆ ನಾನೇ!"

"ಒತ್ತಾಯ ಮಾಡಲಿಲ್ಲ ತಾನೆ? ಯೋಚಿಸೋಕೆ ಒಂದು ದಿನ ಕೊಟ್ಟಿರಾ?"

"ಇಲ್ಲ."

"ಹಾಗಾದರೆ ನಾಳೆ ಬನ್ನಿ. ಇಬ್ಬರೂ."

ಸಂಜೆಯ ಫೋನು

"ಇವತ್ತು ಹೇಗಿದ್ದೀರಿ?" ಅಂತ ಹೆಂಡತಿ ಕೇಳೋಳು.

"ಬೆಳಿಗ್ಗೆ ಮೂರು ಸಲ ಸತ್ತೆ. ಊಟ ಆದ್ಮೇಲೆ ಒಂದು ಸಲ."

"ಥೂ, ಬಿಡ್ತು ಅನ್ನಿ!"

"ಬಿಡ್ತು."

"ಎದ್ದಿರಾ?"

"ಇಲ್ಲ ಕಣೇ. ಎದೆ ಮೇಲೆ ಎಲ್ಲಿ ಪಟ್ಟಿ ಅಂಟಿಸಿದ್ರೂ ಶಾಕ್ ಹೃದಯಕ್ಕೆ ಸರಿಯಾಗಿ ಮುಟ್ತಾ ಇಲ್ಲ."

ಅವಳು ಮೂಗು ಸೀಟುವುದು ಕೇಳಿಸಿತು. ಮೊದಲು ತಮಾಷೆಗೆ ಹೇಳುತ್ತಿದ್ದೆ. ಎರಡು ವಾರ ಕಳೆದರೂ ಮಾಡೆಲ್ಲಿನ ನಾನು ಏಳದಿದ್ದಾಗ ನನಗೂ ನಗು ಬರಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ.

ಎದ್ದ ದಿನ

ಒಂದು ಮಧ್ಯಾಹ್ನ ಒಂದು ಪಟ್ಟಿ ಎದೆಗೆ, ಇನ್ನೊಂದು ಬೆನ್ನಿಗೆ ಅಂಟಿಸಿ ನೋಡಿದೆ. ತೆರೆಯ ಮೇಲೆ ಅಡ್ಡಾದಿಡ್ಡಿ ಕುಣಿಯುತ್ತಿದ್ದ ಹೃದಯದ ಗೆರೆ ಸರಿಹೋಯಿತು. "ಎದ್ದೆ!" ಅಂತ ಕಿರುಚಿದೆ. ಜೋರಾಗಿ ಮಾತಾಡಬಾರದೆಂಬ ಕೊರೊನಾ ನಿಯಮದ ಲ್ಯಾಬು ಅದು. ತನಾಕಾ ಸಾನ್ ಎದ್ದು ಬಂದು ಕಿಟಕಿ ತೆರೆದರು.

ಹೊರಗೋಡಿ ಫೋನು ಮಾಡಿದೆ. "ಬದುಕಿದೆ ಕಣೇ! ಬೆನ್ನಿಗೂ ಅಂಟಿಸಿದ್ರೆ ಏಳ್ತೀನಿ!"



"ಅದು ಸರಿ ರೀ. ನೀವು ಬಿದ್ದಾಗ ಬೆನ್ನಿಗೆ ಅಂಟಿಸೋರು ಯಾರು?"

ಫೋನು ಹಿಡಿದೇ ಇನ್ನೊಂದು ಕೈಯನ್ನು ಬೆನ್ನಿಗೆ ಚಾಚಿ ನೋಡಿದೆ. ಎಟುಕಲಿಲ್ಲ.

"ನಾನು ಬರೋವರೆಗೂ," ಅಂದಳು, "ಸಾಯೋದೇನಿದ್ರೂ ಕಂಪ್ಯೂಟರಲ್ಲೇ ಇಟ್ಕೊಳ್ಳಿ."