ಭಾವನ ಏಳಲೊಲ್ಲದ ಕಂಪ್ಯೂಟರು

ನಮ್ಮ ಭಾವನಷ್ಟು ಬುದ್ಧಿವಂತರು ಇಡೀ ಪುಣೆಯಲ್ಲಿ ಇರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳಿಕೊಳ್ಳುತ್ತಿದ್ದರು! ಎಂಬತ್ತರ ದಶಕದ ಕೊನೆಯಲ್ಲಿ, ಜನ ಕಂಪ್ಯೂಟರಿಗೆ ದೂರದಿಂದಲೇ ಕೈಮುಗಿಯುತ್ತಿದ್ದ ಕಾಲದಲ್ಲಿ, ಈ ಮಹಾರಾಯರು ಕಾರ್ಖಾನೆಯ ಗುಮಾಸ್ತಿಕೆಗೆ ಸಲಾಮು ಹೊಡೆದು ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ರಿಪೇರಿ ಶುರುಮಾಡಿದರು. ಎರಡು ತಿಂಗಳಲ್ಲಿ ತಿರುಗಿ ಬರುತ್ತೀರಿ, ಕುರ್ಚಿ ಖಾಲಿ ಇಟ್ಟಿರುತ್ತೇನೆ ಎಂದು ಮ್ಯಾನೇಜರು ನಕ್ಕರಂತೆ. ಅದನ್ನು ಕೇಳಿ ನಮ್ಮಕ್ಕ ಎರಡು ದಿನ ನೆಟ್ಟಗೆ ಊಟ ಮಾಡಲಿಲ್ಲ.

ಮೊದಲ ಗಿರಾಕಿ ಶಿವಾಜಿನಗರದ ಒಂದು ಕಾಲೇಜು. ಕೆಟ್ಟ ಹಾರ್ಡ್ ಡಿಸ್ಕ್ ತೆಗೆದು ಹೊಸದು ಹಾಕಿ ಶನಿವಾರ ಒಪ್ಪಿಸಬೇಕು. ಸರಿಹೋದರೆ ಅಲ್ಲಿನ ಎಲ್ಲ ಕಂಪ್ಯೂಟರುಗಳೂ ಭಾವನ ಪಾಲಿಗೆ. ಇಲ್ಲದಿದ್ದರೆ ಮ್ಯಾನೇಜರು ಖಾಲಿ ಇಟ್ಟ ಕುರ್ಚಿ ಇದ್ದೇ ಇತ್ತು. ಭಾವ ಹೊಸ ಡಿಸ್ಕನ್ನೂ ಅದನ್ನು ಕಂಪ್ಯೂಟರಿಗೆ ಜೋಡಿಸುವ ಹೊಸ ಕಾರ್ಡನ್ನೂ ಕೂಡಿಸಿ ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು, ದೀಪ ಹತ್ತಿತು, ಡಿಸ್ಕ್ ಇಲ್ಲವೆಂದು ಪರದೆಯ ಮೇಲೆ ಒಂದು ಸಾಲು ಬಂತು. ಅಷ್ಟೇ! ಫ್ಲಾಪಿ ಹಾಕಿದರೆ ಏಳುತ್ತಿತ್ತು, ಹೊಸ ಡಿಸ್ಕಿನಿಂದ ಮಾತ್ರ ಏಳಲೊಲ್ಲದು.

ಸಂಜೆ ನಾನು ಚಹಾಕ್ಕೆ ಹೋದಾಗ ಅಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ನೀನೂ ಗ್ವಾಡಿ ಕಡೆ ತಿರಗು," ಎಂದರು ಭಾವ. "ಎಲ್ಲಾರೂ ಕಣ್ಣ ಕಿಸದ ನೋಡಿದ್ರ ಅದು ನಾಚ್ಕೋತದ."

ನಲವತ್ತೈದು ದಾಟಿದ ಮನುಷ್ಯ ಆಡುವ ಮಾತೇ ಇದು? ಆದರೂ ತಿರುಗಿದೆ, ಚಹಾ ಬೇಕಿತ್ತಲ್ಲ! ಕಂಪ್ಯೂಟರು ಏಳಲಿಲ್ಲ, ಚಹಾ ಆರಿಹೋಯಿತು.

ಮರುದಿನ ಹೊಸ ವಿಚಾರ. ಪುಣೆಯ ಅಂಗಡಿಗಳೆಲ್ಲ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚುತ್ತವೆ. ಪುಣೆಯ ಕಂಪ್ಯೂಟರಿಗೆ ಮಾತ್ರ ವಿಶ್ರಾಂತಿ ಬೇಡವೇ? ಭಾವ ಅದಕ್ಕೆ ಚಾದರ ಹೊದಿಸಿದರು. ಎರಡು ಗಂಟೆಗೆ ಕಾಲೇಜಿನ ಪ್ರೊಫೆಸರರು ಬಂದರೆ, ಬಾಗಿಲಲ್ಲೇ ತುಟಿಗೆ ಬೆರಳಿಟ್ಟು, ಮಲಗಿದೆ ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. ಪ್ರೊಫೆಸರರೂ ಅಪ್ಪಟ ಪುಣೆಯವರೇ, ತಪ್ಪಾಯಿತೆಂದು ತಿರುಗಿ ಹೋದರು!

"ಬ್ಯಾರೆ ಯಾರಿಗರೆ ತೋರಸ್ರಿ ಭಾವಾ," ಎಂದೆ.

"ತೋರಿಸಿದ್ರ ಅವರ ಅಂಗಡಿ ನಡೀತದ. ನಂದು?"

ಶುಕ್ರವಾರ ಸಂಜೆ ಮೇಜಿನ ಮೇಲೆ ಹಳೆಯ ಕಾರ್ಖಾನೆಗೆ ಬರೆದ ಅರ್ಜಿಯಿತ್ತು, ಸಹಿಯೊಂದು ಬಾಕಿ. ಭಾವ ಸುಮ್ಮನೆ ಕೂತಿದ್ದರು. ಈ ಮನುಷ್ಯ ಸುಮ್ಮನೆ ಕೂತದ್ದನ್ನು ನಾನು ಕಂಡೇ ಇರಲಿಲ್ಲ. ಹೊಸದಲ್ಲವೇ, ಅದಕ್ಕೇನಾಗಿರುತ್ತದೆ ಎಂದು ಕಾರ್ಡೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅವರು ಬಿಚ್ಚಿ ನೋಡಿದ್ದರು.

"ಇದೂ ಒಂದ ಆಗಿಹೋಗ್ಲಿ," ಎಂದು ಕಾರ್ಡನ್ನು ಕಿತ್ತು, ಅದರ ಅಂಚಿನಲ್ಲಿ ಕರೆಂಟು ಹಾಯುವ ಹೊಂಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದರು. ರಬ್ಬರು ಕೆಂಪಾಯಿತು. ಕುಂಕುಮ! ಅಕ್ಕನ ಕೈಯಲ್ಲದೆ ಇನ್ನಾರದು? ಕಾರ್ಡು ಮನೆಗೆ ಬಂದ ದಿನವೇ, ಗಂಡನ ಕೆಲಸ ಕೈಗೂಡಲೆಂದು, ಗುಟ್ಟಾಗಿ ಪೂಜೆ ಮಾಡಿ ಬಂಗಾರದಂತೆ ಕಂಡ ಅಂಚಿಗೇ ಹಚ್ಚಿಬಿಟ್ಟಿದ್ದಳು.

ಒರೆಸಿ ಕೂಡಿಸಿದ ಮೇಲೆ ಡಿಸ್ಕ್ ಸಿಕ್ಕಿತು. ಫ್ಲಾಪಿಯಿಂದ ಅದಕ್ಕೆ ಸಿಸ್ಟಮ್ ತುಂಬಿ, ಫ್ಲಾಪಿ ತೆಗೆದು, ಸ್ವಿಚ್ ಒತ್ತಿದರು. ಎದ್ದಿತು!

ಅಕ್ಕ ಅಡಿಗೆಮನೆಯಿಂದ ಓಡಿಬಂದಳು. "ಏನಾಗಿತ್ರೀ?"

ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದು, ರಬ್ಬರನ್ನು ಜೇಬಿಗೆ ಇಳಿಸಿದರು.

"ನಂದ ತಪ್ಪ. ವಾಯರ್ ಸಡ್ಲ ಇತ್ತು."

ತಮ್ಮದೇ ತಪ್ಪೆಂದು ಆ ಬಾಯಿಂದ ಬಂದದ್ದು ಅದೇ ಮೊದಲು!

ಮುಂದಿನ ತಿಂಗಳು ಕಾಲೇಜಿನ ಎರಡನೆಯ ಕಂಪ್ಯೂಟರಿಗೆ ಹೊಸ ಕಾರ್ಡು ಬಂತು. ಭಾವ ತಾವೇ ಅಕ್ಕನನ್ನು ಕರೆದರು. ಹೊಂಬಣ್ಣದ ಅಂಚನ್ನು ಅಂಗೈಯಲ್ಲಿ ಭದ್ರವಾಗಿ ಮುಚ್ಚಿಕೊಂಡು, ಇನ್ನೊಂದು ಬದಿಯ ತಗಡನ್ನು ಅವಳ ಮುಂದೆ ಹಿಡಿದರು.

"ಕುಂಕುಮ ಹಚ್ಚು. ನೀ ಹಚ್ಚಲಿಲ್ಲಂದ್ರ ಏಳೂದಿಲ್ಲ ಇದು."