ಮಾಮಾನ ಹಸಿ ಬಟ್ಟೆ

ನಮ್ಮ ಮಾಮಾ ಧೂಳನ್ನು ದ್ವೇಷಿಸುವಷ್ಟು ಶ್ರದ್ಧೆಯಿಂದ ಯಾರೂ ದೇವರನ್ನು ಪ್ರೀತಿಸಿರಲಿಕ್ಕಿಲ್ಲ! ನಮ್ಮವ್ವನ ತಮ್ಮ ಇವರು. ರಾವೂರಿನ ಕಲ್ಲಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ಹೆಗಲ ಮೇಲಿನ ಬಟ್ಟೆಯಿಂದ ಏನನ್ನಾದರೂ ಒರೆಸದಿದ್ದರೆ ಅವರಿಗೆ ಕುಂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ವಾಡಿಯಲ್ಲಿ ಬಸ್ಸು ಹತ್ತಿದರೆ ಮೊದಲು ತಮ್ಮ ಸೀಟು ಒರೆಸುತ್ತಾರೆ, ಆಮೇಲೆ ಮುಂದಿನ ಸೀಟಿನ ಕಂಬಿ. ಒಮ್ಮೆ ಅದೇ ಭರದಲ್ಲಿ ಮುಂದೆ ಕುಂತವರ ಬೋಳುತಲೆಯನ್ನೂ ಒರೆಸಿಬಿಟ್ಟರು. ಆ ಮನುಷ್ಯ ಸಿಟ್ಟಾಗಿ ತಿರುಗಿದರೆ, "ನೋಡ್ರಿ, ಎಷ್ಟು ಬಂದದ!" ಅಂತ ಬಟ್ಟೆಯನ್ನೇ ತೋರಿಸಬೇಕೆ? ಆತ ಬಟ್ಟೆ ನೋಡಿ ತಣ್ಣಗಾಗಿ, "ಕಿವಿ ಹಿಂದೂ ಒಂದೀಟು ಒರಸ್ರಿ" ಅಂದ.

ಇಂಥವರನ್ನು ಧೂಳು ಅಳೆಯುವ ಮಷೀನಿನ ಕಾವಲಿಗೆ ಕೂರಿಸಿದ ಜಾಣೆ ಯಾರು? ನಾನೇ! ಬಿ.ಎಸ್ಸಿ. ಓದಿದವಳು! ಸಹಿ ಅಂದರೆ ಹೆಬ್ಬೆಟ್ಟು ಮುಂದೆ ಮಾಡುತ್ತಿದ್ದ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಸುಮ್ಮನೆ ಬಂದದ್ದಲ್ಲ, ಅದಕ್ಕೇ ಹೇಳಿಕೊಳ್ಳುತ್ತೇನೆ.

ಚಿಂಚೋಳಿ ಕಾಡಿನ ಗಾಳಿ ಎಷ್ಟು ಶುದ್ಧ ಅಂತ ನೋಡುವುದು ನನ್ನ ಕೆಲಸ. ಕಾಡಿನೊಳಗೆ ಒಂದು ಹಳೇ ಮಷೀನು ಇದೆ. ಅದು ಗಾಳಿ ಎಳೆದುಕೊಳ್ಳುತ್ತದೆ, ಒಳಗಿನ ಬಿಳಿ ಕಾಗದ ಧೂಳು ಹಿಡಿಯುತ್ತದೆ, ವಾರಕ್ಕೊಮ್ಮೆ ಆ ಕಾಗದ ತೂಗುತ್ತೇವೆ. ಪಕ್ಕದಲ್ಲೊಂದು ಕ್ಯಾಮೆರಾ. ಎದುರಿನ ಗುಡ್ಡ ಎಷ್ಟು ನಿಚ್ಚಳ ಕಾಣುತ್ತದೆ ಅಂತ ನೋಡಲು ದಿನಾ ಮಧ್ಯಾಹ್ನ ಫೋಟೋ ತೆಗೆದು ಆಫೀಸಿಗೆ ಕಳಿಸುತ್ತದೆ. ನನ್ನದು ಗುತ್ತಿಗೆ ನೌಕರಿ. ಆ ತಿಂಗಳ ಅಳತೆ ಸರಿ ಬಂದರೆ ಮುಂದಿನ ವರ್ಷಕ್ಕೂ ನಾನು, ಇಲ್ಲದಿದ್ದರೆ ಮನೆಗೆ. ಅಂಥ ಹೊತ್ತಿನಲ್ಲೇ ಕಾವಲುಗಾರ ಮಗಳ ಮದುವೆಗೆಂದು ವಾರ ರಜೆ ಹಾಕಿದ. ಮಾಮಾ ಬಂದರು.

ಕಾಡಿಗೆ ಕಾಲಿಟ್ಟವರೇ ತೇಗದ ಎಲೆ ಮೇಲೆ ಹೆಬ್ಬೆರಳು ಒರೆಸಿದರು. ಬೆರಳು ನೋಡಿಕೊಂಡರು. ಇನ್ನೊಂದು ಎಲೆ. "ಏನೂ ಹತ್ತವಲ್ದಲ್ಲ ಯವ್ವಾ!" ಎಂದು ಗಾಬರಿಯಾದರು. ನಮ್ಮೂರಲ್ಲಿ ಬೇವಿನ ಎಲೆ ಮುಟ್ಟಿದರೂ ಬೆರಳಿಗೆ ವಿಭೂತಿ!

ನಾಲ್ಕನೇ ದಿನ ಆಫೀಸಿನ ಸಾಹೇಬರ ಫೋನು. "ಏನ್ರೀ ಮೇಡಂ, ಮೂರು ದಿನದಿಂದ ಗುಡ್ಡಾನೇ ಕಾಣವಲ್ದು. ಎಲ್ಲಾ ಬೆಳ್ಳಗದ. ಅಷ್ಟು ಮಂಜು ಬಿದ್ದದೇನು?"

ಫೋಟೋ ತೆರೆದು ನೋಡಿದೆ. "ಮಂಜಲ್ಲ ಸರ್. ಧೋತ್ರ."

ಮಾಮಾನನ್ನು ಕೇಳಿದರೆ ನಾಚಿಕೆ ಬೇಡವೇ? "ಬಿಸಿಲು ಅಲ್ಲೇ ಛಲೋ ಬೀಳ್ತದ. ಒಗದ ಧೋತ್ರ ಸಂಜೀತನಾ ಬೆಳ್ಳಗೇ ಉಳೀಲಿಕತ್ತದ ಅಂದ್ರ, ಸಾಹೇಬರೂ ನೋಡ್ಲಿ ಬಿಡು!"

ವಾರ ಮುಗಿದು ಕಾಗದ ತೂಗಿದರೆ, ಪಾಕೀಟಿನಿಂದ ಆಗತಾನೇ ತೆಗೆದಂತಿತ್ತು. ಸಾಹೇಬರು ಕನ್ನಡಕ ಇಳಿಸಿದರು. "ಒಂದೋ ಅದು ಸ್ವರ್ಗ, ಇಲ್ಲಾ ನಿಮ್ಮ ಮಷೀನು ಬಂದ್. ಸ್ವರ್ಗ ಅಂತ ನಾ ವರದಿ ಬರೀಲಿಕ್ಕಾಗಲ್ಲ. ಇನ್ನೊಂದು ವಾರ ಕೊಡ್ತೀನಿ, ಅಷ್ಟೇ."

ಕಾಡಿಗೆ ಓಡಿದೆ. ಮಷೀನಿನ ಬಾಯಿಗೆ ಹಸಿ ಬಟ್ಟೆ ಸುತ್ತಿ, ದಾರ ಬಿಗಿದು, ಮಾಮಾ ಪಕ್ಕದಲ್ಲೇ ಕುಂತಿದ್ದಾರೆ!

"ಮಾಮಾ! ಅದು ಧೂಳ ಹಿಡೀಲಿಕ್ಕೇ ಇಟ್ಟ ಮಷೀನು! ನನ್ನ ನೌಕರಿ ಹೋಗ್ತದ!"

"ಖೊಕ್ ಖೊಕ್ ಅನ್ಲಿಕತ್ತಿತ್ತು ಯವ್ವಾ. ದಿನಾಪೂರ್ತಿ ಕೆಮ್ಮೋದು ನೋಡಕೋತ ಹೆಂಗ ಕುಂದ್ರಲಿ?"

"ಮಷೀನು ಎಲ್ಲ್ಯಾರ ಕೆಮ್ತದೇನು? ಯಾರು ಕಲಿಸಿದ್ರು ಇದನ್ನ?"

"ಕಲಸೋದೇನದ? ನೀ ಕೂಸಿದ್ದಾಗ, ಗಣಿ ದಂಡಿಗೆ, ನಿನ್ನ ತೊಟ್ಟಿಲಿಗೂ ಹಿಂಗೇ ಸುತ್ತತಿದ್ದೆ. ಒಣಗಿದಂಗ ಮತ್ತ ತೋಯ್ಸೋದು. ನಿನಗ ಕೆಮ್ಮು ಬಂತೇನು? ಇಲ್ಲ. ಬಿ.ಎಸ್ಸಿ. ಆದಿ."

ನಾನು ದಾರ ಬಿಚ್ಚಿ, ಬಟ್ಟೆ ತೆಗೆದು ಅವರ ಹೆಗಲಿಗೇ ಹಾಕಿದೆ.

ಮುಂದಿನ ವಾರ ಹಗಲೆಲ್ಲಾ ನಾನೇ ಅಲ್ಲಿ ಕುಂತೆ. ಕಾಗದ ಸರಿಯಾಗಿ ಬಂತು, ನೌಕರಿ ಉಳಿಯಿತು, ಅದು ಬೇರೆ ಮಾತು. ಮಾಮಾ ಊರಿಗೆ ಹೋಗದೆ, ಕೈ ಕಟ್ಟಿಕೊಂಡು ದೂರ ಕುಂತಿದ್ದರು. ಮಷೀನು ಖೊಕ್ ಅಂದಾಗೆಲ್ಲ ಅವರ ಕೈ ಹೆಗಲ ಬಟ್ಟೆಗೆ ಹೋಗಿ ಹಿಂದೆ ಬರುತ್ತಿತ್ತು. ನನಗೆ ತಿಳಿದದ್ದು ಆವಾಗಲೇ: ಕೇಳುತ್ತಿದ್ದ ಖೊಕ್ ಖೊಕ್ ಎಲ್ಲವೂ ಮಷೀನಿನದಲ್ಲ.

ಎದ್ದು, ಅವರ ಹೆಗಲಿನ ಬಟ್ಟೆ ಎಳೆದುಕೊಂಡು, ಹಳ್ಳದಲ್ಲಿ ತೋಯಿಸಿ ಹಿಂಡಿ ತಂದು ಅವರ ಮುಂದೆ ಹಿಡಿದೆ.

"ನನಗ್ಯಾಕ, ಹುಚ್ಚಿ? ಇಲ್ಲಿ ಧೂಳ ಎಲ್ಲದ?" ಅಂದವರೇ ಪಕ್ಕದ ಎಲೆ ಮೇಲೆ ಹೆಬ್ಬೆರಳು ಒರೆಸಿ ನನ್ನ ಕಣ್ಣ ಮುಂದೆ ಹಿಡಿದರು. ಬೆರಳಿಗೆ ಏನೂ ಹತ್ತಿರಲಿಲ್ಲ. ಮಾಮಾ ಗೆದ್ದವರಂತೆ ನಕ್ಕರು. ನಗುತ್ತಾ ನಗುತ್ತಾ ಕೆಮ್ಮಿದರು.