ಕಾಗೆ ಬಿಡದ ಕಾಜಾಣ

ಸಾತನೂರಿನ ನಮ್ಮ ಹಿತ್ತಲಲ್ಲಿ ಜಗಳ ಇಲ್ಲದ ದಿನವೇ ಇಲ್ಲ. ನನ್ನದೂ ಅತ್ತೆಯದೂ ಅಂದ್ಕೋಬೇಡಿ, ಹಕ್ಕಿಗಳದ್ದು! ರೇಷ್ಮೆಹುಳು ಗೂಡು ಕಟ್ಟೋ ಹಳೇ ಬಿದಿರು ಚಂದ್ರಿಕೆಯೊಂದನ್ನ ಮಾವ ಹೊಂಗೆ ಮರಕ್ಕೆ ತಟ್ಟೆ ಥರ ನೇತುಹಾಕಿ ದಿನಾ ಕಾಳು ಹಾಕ್ತಿದ್ದರು. ಅವರು ಹೋದ ಮೇಲೆ ಅತ್ತೆ ಹಾಕ್ತಾರೆ.

೧. ಉಸ್ತುವಾರಿ

ಮೊದಲು ಅಲ್ಲಿ ಪಿಕಳಾರದ ದರ್ಬಾರು. ಬಾಳೆಹಣ್ಣಿಟ್ಟರೆ ಜುಟ್ಟು ನಿಗುರಿಸಿಕೊಂಡು, ಬಂದ ಹಕ್ಕಿಗಳನ್ನೆಲ್ಲ ಅಟ್ಟಾಡಿಸೋದು. ಅದು ಅಟ್ಟಾಡಿಸ್ತಿರುವಾಗ ಹಣ್ಣನ್ನ ಅಳಿಲು ತಿಂದು ಹೋಯ್ತು.

"ನನ್ ಮದ್ವೇಲಿ ಊಟದ ಉಸ್ತುವಾರಿ ನೋಡ್ಕಂಡ ನಮ್ ಸೋದರಮಾವನೂ ಹಿಂಗೇ ಕಣವ್ವ" ಅಂದರು ಅತ್ತೆ. "ಹಸ್ಕಂಡೇ ಊರಿಗೋದ."

೨. ಕನ್ನಡಿಯೊಳಗಿನ ವೈರಿ

ಮಡಿವಾಳ ಹಕ್ಕಿಯೊಂದು ನನ್ನ ಗಂಡನ ಬೈಕಿನ ಕನ್ನಡಿಯಲ್ಲಿ ತನ್ನನ್ನೇ ನೋಡಿ, ಇವನ್ಯಾವನು ನನ್ನ ಜಾಗಕ್ಕೆ ಬಂದ ಅಂತ ಕುಟ್ಟಿದ್ದೇ ಕುಟ್ಟಿದ್ದು. ಪಾಪ, ಕೊಕ್ಕು ಮುರಿದುಕೊಂಡೀತು ಅಂತ ಕನ್ನಡಿಗೆ ನನ್ನ ಹಳೇ ರವಿಕೆ ಸುತ್ತಿದೆ. ಇವರು ಅದನ್ನ ಬಿಚ್ಚದೆ ಕನಕಪುರಕ್ಕೆ ಹೋಗಿಬಂದರು.

"ಯಾಕಮ್ಮಿ, ದಾರೀಲೆಲ್ಲ ನನ್ನ ನೋಡಿ ನಗ್ತಿದ್ರು. ಹೊಸ ಶರ್ಟು ಒಪ್ಪೈತೆ ಅಲ್ವಾ?"

೩. ಮಾವನ ಎಡೆ

ಪಿತೃಪಕ್ಷದಲ್ಲಿ ಮಾವನಿಗೆ ಎಡೆ ಇಟ್ಟೆವು. ಕಾಗೆ ಮುಟ್ಟೋವರೆಗೂ ಅತ್ತೆ ತೊಟ್ಟು ನೀರೂ ಕುಡಿಯಲ್ಲ. ಮಾವನಿಗೆ ಪ್ರಾಣವಾಗಿದ್ದ ಉದ್ದಿನ ವಡೆ ಇಟ್ಟು ಎಲೆಯನ್ನ ಚಂದ್ರಿಕೆ ಮೇಲೇ ಇಡಿಸಿದರು.

ಕಾಗೆಯೇನೋ ಬಂತು. ಆದರೆ ಆ ಮರ ಅಷ್ಟೊತ್ತಿಗೆ ಕಾಜಾಣದ ಪಾಲಾಗಿತ್ತು. ಕವಲುಬಾಲದ ಆ ಪುಟ್ಟ ಕರೀ ಹಕ್ಕಿಗೆ ಕಾಗೆ ಕಂಡರೆ ಆಗದು. ಮೇಲಿಂದ ಎರಗಿ ತಲೆಗೆ ಕುಕ್ಕಿ ಓಡಿಸಿಬಿಡ್ತು. ಮತ್ತೆ ಬಂತು, ಮತ್ತೆ ಓಡಿಸ್ತು. ಹೊತ್ತು ನೆತ್ತಿ ದಾಟಿತು.

"ಎಲೆ ತಾರಸಿ ಮೇಲೆ ಇಡನಾ?" ಅಂದರು ನನ್ನ ಗಂಡ.

"ಬ್ಯಾಡ, ಅವ್ರಿಗೆ ಈ ಜಾಗವೇ ಗೊತ್ತಿರೋದು." ಅತ್ತೆ ಕಣ್ಣಲ್ಲಿ ನೀರು. "ನನ್ ಮ್ಯಾಲೆ ಕ್ವಾಪ ಏನೋ ಕಣವ್ವ."

ನಾನು ಸಮಾಧಾನ ಮಾಡೋಕೆ ಹತ್ತಿರ ಹೋದೆ. ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾವನ ಕೊಡೆ ಹಿಡಿದು ಹಿತ್ತಲಿಗಿಳಿದರು. "ಬಾರಲೇ, ನನ್ ಗಂಡನ್ನೇ ಓಡುಸ್ತೀಯಾ?"

ಕಾಜಾಣ ಕೊಡೆಗೇ ಎರಗಿತು. ಅತ್ತೆ ಬೀಸೋದು, ಅದು ಕುಕ್ಕೋದು. ಆ ಗಲಾಟೆಯಲ್ಲಿ ಕಾಗೆ ಹಿಂದಿನಿಂದ ಮೆಲ್ಲಗೆ ಬಂದು, ವಡೆ ಕಚ್ಚಿಕೊಂಡು ಹಾರಿ ಹಿತ್ತಲ ಎದುರಿನ ಮನೆ ಜಗಲಿ ಮೇಲೆ ಕೂತಿತು.

ಅತ್ತೆ ಕೊಡೆ ಇಳಿಸಿ, ಅಳುತ್ತಾ ನಗುತ್ತಾ ಅಂದರು: "ಅವ್ರೇ ಕಣವ್ವ, ಅವ್ರೇ! ಜಗಳಕ್ಕೆ ನನ್ನ ಮುಂದೆ ಬುಟ್ಟು, ವಡೆ ಎತ್ಕಂಡು ಹೋಗಿ ಆ ಜಗಲೀಲೇ ಕೂತ್ಕತಿದ್ರು. ಒಸಿನೂ ಬದಲಾಗಿಲ್ಲ. ನಡಿ, ಎಲೆ ಹಾಕು, ಹಸೀತೈತೆ!"